ಮಾತಿಗೆ ಮೊದಲಿನ ಮಾತು: ದೂರವಾಣಿ ಜಾಲದೊಳಗಿನ ಸಂಕೇತಗಳು



ದೂರವಾಣಿಯ ಬಗ್ಗೆ ನಮ್ಮಲ್ಲಿ ಬಂದಿರುವ ಬರಹ ಬಹುಮಟ್ಟಿಗೆ ಧ್ವನಿಯನ್ನು ಕುರಿತದ್ದು. ಬೆಲ್‌ನ ಉಪಕರಣ, ಸಮುದ್ರದಡಿಯ ಕೇಬಲ್ಲು, ಉಪಗ್ರಹ, ಮೊಬೈಲ್ ಗೋಪುರ, ಇವೆಲ್ಲ ಧ್ವನಿ ಊರಿಂದೂರಿಗೆ ಹೋದ ಕಥೆಗಳು. ನಾನು ಇಂದು ಆಯ್ದುಕೊಂಡಿರುವುದು ಆ ಧ್ವನಿ ಹೊರಡುವುದಕ್ಕೆ ಮೊದಲು ನಡೆಯುವ ಕೆಲಸವನ್ನು. ನೀವು ನಂಬರು ಒತ್ತಿದ ಮೇಲೆ ಆ ಕಡೆ ಗಂಟೆ ಬಾರಿಸುವವರೆಗಿನ ಕೆಲವೇ ಸೆಕೆಂಡುಗಳಲ್ಲಿ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಕರೆದವರು ಯಾರು, ಯಾರಿಗೆ ಕರೆ, ಯಾವ ದಾರಿ ಖಾಲಿ ಇದೆ, ಆ ಕಡೆಯವರು ಬೇರೊಬ್ಬರ ಜೊತೆ ಮಾತಿನಲ್ಲಿದ್ದಾರೆಯೇ, ಎತ್ತಿದರೇ, ಇಟ್ಟರೇ, ಎಷ್ಟು ಹೊತ್ತಾಯಿತು, ಯಾರ ಲೆಕ್ಕಕ್ಕೆ ಬರೆಯಬೇಕು. ಈ ಮಾತುಕತೆಯೇ ಸಿಗ್ನಲಿಂಗ್. ಎಕ್ಸ್‌ಚೇಂಜಿನ ಕೆಲಸದಲ್ಲಿ ಬದುಕು ಕಳೆದ ನನಗೆ, ತಂತಿಗಳ ರಾಶಿಯನ್ನು ಒಂದು ಜಾಲವಾಗಿಸುವುದು ಇದೇ ಎಂಬುದರಲ್ಲಿ ಎಂದೂ ಅನುಮಾನ ಬಂದಿಲ್ಲ. ಇದರ ನೂರಿಪ್ಪತ್ತು-ನೂರಮೂವತ್ತು ವರ್ಷಗಳ ಇತಿಹಾಸದಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ತಲೆ ಎತ್ತುತ್ತವೆ. ಮಾತು ಹೋಗುವ ದಾರಿಯಲ್ಲೇ ಆಜ್ಞೆಯೂ ಹೋಗಬೇಕೇ? ಆಜ್ಞೆ ಕೊಡುತ್ತಿರುವವರು ಯಾರು ಎಂದು ಜಾಲ ಹೇಗೆ ತಿಳಿಯಬೇಕು? ಮೊದಲನೆಯದಕ್ಕೆ ಒಳ್ಳೆಯ ಉತ್ತರ ಸಿಕ್ಕಿದೆ. ಎರಡನೆಯದನ್ನು ಬಹಳ ಕಾಲ ಯಾರೂ ಕೇಳಲೇ ಇಲ್ಲ. ಅದರ ಬೆಲೆಯನ್ನು ಈಗ ನಾವು ತೆರುತ್ತಿದ್ದೇವೆ.

ಹಳೆಯ ಲ್ಯಾಂಡ್‌ಲೈನಿನಿಂದ ಶುರು ಮಾಡೋಣ. ಎಕ್ಸ್‌ಚೇಂಜಿನಿಂದ ಮನೆಗೆ ಬರುವುದು ಎರಡೇ ತಾಮ್ರದ ತಂತಿ. ಅಲ್ಲಿನ 48 ವೋಲ್ಟಿನ ಬ್ಯಾಟರಿ ಸದಾ ಆ ಜೋಡಿಗೆ ಅಂಟಿಕೊಂಡಿರುತ್ತದೆ. ರಿಸೀವರ್ ಇಟ್ಟಿರುವಾಗ ಸರ್ಕ್ಯೂಟು ತೆರೆದಿರುವುದರಿಂದ ಕರೆಂಟು ಹರಿಯುವುದಿಲ್ಲ. ಎತ್ತಿದೊಡನೆ ಸರ್ಕ್ಯೂಟು ಮುಚ್ಚಿಕೊಂಡು ಇಪ್ಪತ್ತು-ನಲವತ್ತು ಮಿಲಿಆಂಪಿಯರ್ ಹರಿಯುತ್ತದೆ, ಎಕ್ಸ್‌ಚೇಂಜಿನ ರಿಲೇ ಸೆಳೆಯುತ್ತದೆ. ಮೊದಲ ಸಂಕೇತ ಇದೇ. ಉತ್ತರವಾಗಿ ಬರುವ 400 ಹರ್ಟ್ಸಿನ ಡಯಲ್ ಟೋನು ಎರಡನೆಯದು. ಮುಂದಿನದು ಬೆರಳಿನ ಕೆಲಸ. ಡಯಲಿನ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಚಕ್ರ ವಾಪಸು ಬರುವಾಗ ಹರಿಯುತ್ತಿರುವ ಕರೆಂಟನ್ನು ಲೆಕ್ಕವಾಗಿ ಕತ್ತರಿಸುತ್ತದೆ. ಏಳಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ ಹತ್ತು ಕಡಿತ. ಒಂದೊಂದರಲ್ಲೂ ಮೂರರಲ್ಲಿ ಎರಡು ಪಾಲು ಕಾಲ ತಂತಿ ಕಡಿದಿರುತ್ತದೆ, ಒಂದು ಪಾಲು ಕೂಡಿರುತ್ತದೆ. ಡಯಲ್ ಕೆಟ್ಟ ಫೋನಿನಲ್ಲಿ ರಿಸೀವರ್ ಇಡುವ ಗುಂಡಿಯನ್ನೇ ತಾಳಬದ್ಧವಾಗಿ ತಟ್ಟಿ ನಂಬರು ಹಚ್ಚುವವರು ಊರೂರಲ್ಲಿ ಇದ್ದರು. ಅವರು ಮಾಡುತ್ತಿದ್ದುದು ಡಯಲ್ ಮಾಡುವ ಕೆಲಸವನ್ನೇ.

ಆ ಕಡಿತಗಳನ್ನು ಎಣಿಸುವ ಯಂತ್ರವನ್ನು ಕಂಡುಹಿಡಿದವರು ಆಲ್ಮನ್ ಸ್ಟ್ರೋಜರ್. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವರ ವೃತ್ತಿ. ಎಕ್ಸ್‌ಚೇಂಜಿನ ಆಪರೇಟರು ತಮ್ಮ ಗಿರಾಕಿಗಳ ಕರೆಗಳನ್ನು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆ ಎಂಬ ಸಂಶಯದಿಂದ ಆಪರೇಟರೇ ಬೇಡವಾದ ಯಂತ್ರಕ್ಕೆ ಕೈಹಾಕಿದರು ಎಂಬ ಕಥೆ ಪ್ರಚಲಿತವಾಗಿದೆ. ಪೇಟೆಂಟು ಸಿಕ್ಕಿದ್ದು 1891ರಲ್ಲಿ. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಮೊದಲ ಎಕ್ಸ್‌ಚೇಂಜು ಶುರುವಾಯಿತು. ಭಾರತದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ಬಂದದ್ದು 1913-14ರಲ್ಲಿ, ಶಿಮ್ಲಾಕ್ಕೆ; 700 ಲೈನಿನದು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ ಇದೇ ಸ್ಟ್ರೋಜರ್ ಎಕ್ಸ್‌ಚೇಂಜುಗಳು ತಯಾರಾಗಿ ದೇಶದುದ್ದಕ್ಕೂ ಹೋದವು.

ಸ್ಟ್ರೋಜರ್ ಸೆಲೆಕ್ಟರನ್ನು ನೋಡಿಲ್ಲದವರಿಗೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರ್ಧವೃತ್ತವಾಗಿ ಬಾಗಿದ ಹಿತ್ತಾಳೆಯ ಸಂಪರ್ಕಬಿಂದುಗಳ ಹತ್ತು ಸಾಲು, ಒಂದರ ಮೇಲೊಂದು. ಸಾಲಿಗೆ ಹತ್ತು ಬಿಂದು. ನಡುವೆ ಒಂದು ನೆಟ್ಟನೆಯ ದಂಡ, ಅದಕ್ಕೆ ಚಾಚಿದ ಕೈ. ನೀವು ನಾಲ್ಕು ಡಯಲ್ ಮಾಡಿದರೆ ದಂಡ ಟಕ್ ಟಕ್ ಎಂದು ನಾಲ್ಕು ಮೆಟ್ಟಿಲು ಏರುತ್ತದೆ. ನಂತರ ತಾನೇ ತಿರುಗುತ್ತಾ ಆ ಸಾಲಿನ ಹತ್ತು ಬಿಂದುಗಳಲ್ಲಿ ಖಾಲಿ ಇರುವುದನ್ನು ಹುಡುಕಿ ನಿಲ್ಲುತ್ತದೆ. ಮುಂದಿನ ಅಂಕಿಗೆ ಮುಂದಿನ ಸೆಲೆಕ್ಟರ್. ಕೊನೆಯ ಸೆಲೆಕ್ಟರ್ ಮಾತ್ರ ಒಂದಂಕಿಗೆ ಏರಿ, ಇನ್ನೊಂದಂಕಿಗೆ ತಿರುಗಿ, ಸರಿಯಾಗಿ ಆ ಮನೆಯ ತಂತಿಯ ಮೇಲೆ ಕೂರುತ್ತದೆ. ಮನೆಯಲ್ಲಿ ಕೂತವರ ಬೆರಳೇ ಕೆಲವು ಕಿಲೋಮೀಟರ್ ಆಚೆಯ ಉಕ್ಕನ್ನು ನೇರವಾಗಿ ಎತ್ತಿ ತಿರುಗಿಸುತ್ತಿತ್ತು. ನಡುವೆ ನಂಬರನ್ನು ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಕಚೇರಿಗಳು ತೆರೆದಾಗ ಆ ಕೋಣೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಆದರೂ ಅನುಭವಸ್ಥ ಟೆಕ್ನೀಷಿಯನ್ನರು ಸಾಲುಗಳ ನಡುವೆ ಸುಮ್ಮನೆ ನಡೆದುಹೋಗುತ್ತಲೇ, ಯಾವ ರ‍್ಯಾಕಿನ ಯಾವ ಸೆಲೆಕ್ಟರ್ ಮೆಟ್ಟಿಲು ತಪ್ಪುತ್ತಿದೆ ಎಂದು ಕಿವಿಯಿಂದಲೇ ಗುರುತಿಸುತ್ತಿದ್ದರು. ಆ ಕೌಶಲವನ್ನು ಯಾವ ಪುಸ್ತಕವೂ ದಾಖಲಿಸಿಲ್ಲ. ಅವರು ನಿವೃತ್ತರಾದಂತೆ ಅದೂ ಹೋಯಿತು.

ಊರೊಳಗಿನ ಕರೆಗೆ ಇದು ಸಾಕು. ಊರಾಚೆಗೆ? ಬಹುಕಾಲ ಅಲ್ಲಿನ ಸಿಗ್ನಲಿಂಗ್ ಮನುಷ್ಯರದೇ. ಟ್ರಂಕ್ ಕಾಲ್ ಬುಕ್ ಮಾಡಿ ಕಾದಿದ್ದವರಿಗೆ ಅದು ಗೊತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಇಂಥವರೇ ಬಂದರೆ ಮಾತ್ರ ಕೊಡಿ ಎನ್ನುವ ಪಿ.ಪಿ. ಕಾಲು. ಈ ಊರಿನ ಆಪರೇಟರು ಆ ಊರಿನ ಆಪರೇಟರಿಗೆ ಇದನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದರು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಆಪರೇಟರಿಲ್ಲದೆ ನೇರವಾಗಿ ಡಯಲ್ ಮಾಡುವ ದೇಶದ ಮೊದಲ ಎಸ್‌ಟಿಡಿ ಬಂತು. ಆಪರೇಟರ ತಲೆಯಲ್ಲಿದ್ದ ಈ ವಿವೇಕವನ್ನು ಯಂತ್ರದೊಳಕ್ಕೆ ಇಳಿಸಬೇಕಾದ ಕೆಲಸ ಆಗ ನಮ್ಮಲ್ಲಿ ನಿಜವಾಗಿ ಶುರುವಾಯಿತು.

ದೂರದ ಟ್ರಂಕು ಲೈನಿನಲ್ಲಿ ಕರೆಂಟು ಕಡಿಯುವ ಉಪಾಯ ನಡೆಯುವುದಿಲ್ಲ. ನಡುವೆ ಆಂಪ್ಲಿಫೈಯರುಗಳಿವೆ, ಮೈಕ್ರೋವೇವ್ ಗೋಪುರಗಳಿವೆ. ಅವು ದಾಟಿಸುವುದು 300ರಿಂದ 3,400 ಹರ್ಟ್ಸಿನ ಧ್ವನಿಪಟ್ಟಿಯನ್ನು ಮಾತ್ರ. ಹಾಗಾಗಿ ಆಜ್ಞೆಯೂ ಧ್ವನಿಯ ರೂಪ ತಾಳಬೇಕಾಯಿತು. ನಮ್ಮಲ್ಲಿ ಬಂದದ್ದು ಆರ್2 ಎಂಬ ಪದ್ಧತಿ. ಮುಂದಕ್ಕೆ ಹೋಗಲು 1,380ರಿಂದ 1,980 ಹರ್ಟ್ಸ್‌ವರೆಗೆ ಆರು ಸ್ವರ, ಹಿಂದಕ್ಕೆ ಬರಲು 1,140ರಿಂದ 540ರವರೆಗೆ ಇನ್ನಾರು. ಆರರಲ್ಲಿ ಎರಡೆರಡು ಕೂಡಿಸಿದರೆ ಹದಿನೈದು ಸಂಕೇತ. ಇದರ ಸೊಗಸು ಇರುವುದು ಒಪ್ಪಂದದಲ್ಲಿ. ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ‘ಲಾಭ, ಲಾಭ’ ಎನ್ನುತ್ತಲೇ ಇದ್ದು, ಚೀಲ ಹಿಡಿದವರು ‘ಹ್ಞೂಂ’ ಎಂದ ಮೇಲಷ್ಟೇ ‘ಎರಡು’ ಎನ್ನುತ್ತಾರಲ್ಲ, ಹಾಗೆ. ಈ ಕಡೆಯ ಎಕ್ಸ್‌ಚೇಂಜು ಒಂದು ಅಂಕಿಯ ಸ್ವರವನ್ನು ಹಿಡಿದೇ ಇರುತ್ತದೆ. ಆ ಕಡೆಯದು ಕೇಳಿಸಿಕೊಂಡು ‘ಮುಂದಿನ ಅಂಕಿ ಕೊಡು’ ಅಥವಾ ‘ಕರೆದವರು ಯಾರು ಹೇಳು’ ಅಥವಾ ‘ಸಾಕು’ ಎಂಬ ಸ್ವರ ಹೊರಡಿಸುತ್ತದೆ. ಅದು ಕೇಳಿಸಿದ ಮೇಲೆ ಈ ಕಡೆ ನಿಲ್ಲಿಸುತ್ತದೆ. ಈ ಕಡೆ ನಿಂತದ್ದು ತಿಳಿದ ಮೇಲೆ ಆ ಕಡೆ ನಿಲ್ಲಿಸುತ್ತದೆ. ಒಂದು ಅಂಕಿಗೆ ನಾಲ್ಕು ಪಯಣ. ನೆಲದ ಮೇಲಿನ ಲೈನಿನಲ್ಲಿ ಇದು ಅಚ್ಚುಕಟ್ಟು. ಉಪಗ್ರಹದ ಮೂಲಕವಾದರೆ ಒಂದು ಪಯಣಕ್ಕೇ ಕಾಲು ಸೆಕೆಂಡಿಗಿಂತ ಹೆಚ್ಚು, ಅಂದರೆ ಅಂಕಿಗೆ ಒಂದು ಸೆಕೆಂಡಿನ ಮೇಲೆ. ಇಡೀ ನಂಬರು ದಾಟುವ ಹೊತ್ತಿಗೆ ಕರೆದವರ ತಾಳ್ಮೆ ತೀರಿರುತ್ತಿತ್ತು.

ಹಳ್ಳಿಯ ಎಕ್ಸ್‌ಚೇಂಜುಗಳ ಕಷ್ಟ ಇನ್ನೊಂದು ಬಗೆಯದು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಏರ್ ಕಂಡೀಷನರ್ ಬೇಡದ, ಧೂಳು-ಸೆಕೆ ತಡೆಯುವ ಆ ಪೆಟ್ಟಿಗೆಯ ಮೊದಲ ಎಕ್ಸ್‌ಚೇಂಜು 1986ರ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಚಾಲೂ ಆಯಿತು. ಈ ಹೊಸ ಡಿಜಿಟಲ್ ಯಂತ್ರ ಪಟ್ಟಣದ ಹಳೆಯ ಯಂತ್ರಗಳ ಜೊತೆ ಮಾತಾಡಬೇಕಿತ್ತು. ಸ್ಟ್ರೋಜರಿನ ಜೊತೆ ಕಡಿತಗಳ ಭಾಷೆ, ಕ್ರಾಸ್‌ಬಾರ್ ಎಂಬ ಇನ್ನೊಂದು ಬಗೆಯ ಎಕ್ಸ್‌ಚೇಂಜಿನ ಜೊತೆ ಸ್ವರಗಳ ಭಾಷೆ. ಹೊಸತು ಎಷ್ಟೇ ಹೊಸತಾದರೂ ಇರುವುದರ ಭಾಷೆಯನ್ನು ಮೊದಲು ಕಲಿಯಬೇಕು. ದೂರವಾಣಿಯಲ್ಲಿ ಹಳೆಯದನ್ನು ಒಂದೇ ದಿನ ಕಿತ್ತೆಸೆಯಲು ಬರುವುದಿಲ್ಲ.

ಆಜ್ಞೆ ಧ್ವನಿಯ ದಾರಿಯಲ್ಲೇ ಹೋದರೆ ಏನಾಗಬಹುದು ಎಂಬುದನ್ನು ತೋರಿಸಿಕೊಟ್ಟದ್ದು ಅಮೆರಿಕ. ಅಲ್ಲಿನ ಬೆಲ್ ಜಾಲದಲ್ಲಿ ಖಾಲಿ ಇರುವ ಟ್ರಂಕು ಲೈನಿನ ಮೇಲೆ 2,600 ಹರ್ಟ್ಸಿನ ಒಂದು ಸ್ವರ ಸದಾ ಮೊಳಗುತ್ತಿತ್ತು. ಸ್ವರ ನಿಂತರೆ ಲೈನು ಕೆಲಸಕ್ಕೆ ಬಂತು ಎಂದರ್ಥ, ಮತ್ತೆ ಬಂದರೆ ಖಾಲಿಯಾಯಿತು ಎಂದರ್ಥ. 2,600ನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಮನುಷ್ಯರ ಮಾತಿನ ಬಲ ಆ ಎತ್ತರದಲ್ಲಿ ಕಡಿಮೆ, ಆಡುವ ಮಾತು ಆಕಸ್ಮಿಕವಾಗಿ ಲೈನು ಕಡಿಯುವ ಸಂಭವ ಕಡಿಮೆ. ಆದರೆ ಬೇಕೆಂದೇ ಆ ಸ್ವರ ಹೊರಡಿಸುವವರು ಇರಬಹುದೆಂದು ವಿನ್ಯಾಸಕಾರರು ಎಣಿಸಲಿಲ್ಲ. ಹುಟ್ಟಿನಿಂದ ದೃಷ್ಟಿಯಿಲ್ಲದ ಜೋ ಎಂಗ್ರೇಸಿಯಾ ಎಂಬ ಹುಡುಗ, ಕಿವಿಯಲ್ಲಿ ಸ್ವರಶುದ್ಧಿ ಇದ್ದವನು, ಬಾಯಿಂದ ಸಿಳ್ಳೆ ಹಾಕಿದರೆ ದೂರದ ಕರೆ ಪಟ್ಟನೆ ಕಡಿದುಹೋಗುವುದನ್ನು ಎಳೆಯ ವಯಸ್ಸಿನಲ್ಲೇ ಕಂಡುಕೊಂಡ. ‘ಕ್ಯಾಪ್ಟನ್ ಕ್ರಂಚ್’ ಎಂಬ ಬೆಳಗಿನ ತಿಂಡಿಯ ಡಬ್ಬಿಯಲ್ಲಿ ಮಕ್ಕಳಿಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಪೀಪಿಯಿಂದಲೂ ಅದೇ ಸ್ವರ ಬರುತ್ತಿತ್ತು.

ಈ ಗುಟ್ಟು ತಿಳಿದ ಹುಡುಗರು ಮಾಡುತ್ತಿದ್ದುದು ಹೀಗೆ. ಹಣವಿಲ್ಲದ 800ರ ನಂಬರಿಗೆ ಕರೆ ಹಚ್ಚುವುದು, ಆ ಕಡೆ ಎತ್ತುವ ಮೊದಲೇ 2,600ನ್ನು ಊದುವುದು. ದೂರದ ಎಕ್ಸ್‌ಚೇಂಜು, ಕರೆ ಮುಗಿಯಿತು, ಲೈನು ಖಾಲಿ ಎಂದುಕೊಳ್ಳುತ್ತದೆ. ಊದುವುದನ್ನು ನಿಲ್ಲಿಸಿದರೆ ಹೊಸ ಕರೆ ಬಂತೆಂದು ಕಾದು ನಿಲ್ಲುತ್ತದೆ. ಆಗ ಎರಡೆರಡು ಸ್ವರಗಳ ಜೋಡಿಯಿಂದ ಬೇಕಾದ ನಂಬರು ಕಳಿಸಿದರೆ ಕರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹತ್ತಿರದ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಮಾತ್ರ ಇನ್ನೂ ಅದೇ ಹಣವಿಲ್ಲದ ಕರೆ ನಡೆಯುತ್ತಿದೆ. ಇದಕ್ಕೆ ಬೇಕಾದ ಎಲ್ಲ ವಿವರಗಳೂ ಬೆಲ್ ಕಂಪನಿಯದೇ ತಾಂತ್ರಿಕ ಪತ್ರಿಕೆಯ 1954 ಮತ್ತು 1960ರ ಸಂಚಿಕೆಗಳಲ್ಲಿ ಅಚ್ಚಾಗಿದ್ದವು. ಕಾಲೇಜು ಗ್ರಂಥಾಲಯಗಳಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದವು. 1971ರ ಅಕ್ಟೋಬರಿನಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ರಾನ್ ರೋಸೆನ್‌ಬಾಮ್ ಇದನ್ನೆಲ್ಲ ಬರೆದರು. ಅದನ್ನೋದಿದ ಸ್ಟೀವ್ ವಾಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಈ ಸ್ವರಗಳನ್ನು ಹೊರಡಿಸುವ ‘ನೀಲಿ ಪೆಟ್ಟಿಗೆ’ಗಳನ್ನು ಮಾಡಿ ಮಾರಿದರು. ಆ ಹುಡುಗರ ಜಾಣ್ಮೆಯನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ನಾನು ಒತ್ತಿ ಹೇಳಬೇಕಾದದ್ದು ಜಾಲದ ದೋಷವನ್ನು. ಒಳಬರುವ ಧ್ವನಿಯನ್ನು ಆಡಿದವರು ಗ್ರಾಹಕರೋ ಯಂತ್ರವೋ ಎಂದು ತಿಳಿಯುವ ದಾರಿಯೇ ಆ ಜಾಲಕ್ಕಿರಲಿಲ್ಲ.

ಪರಿಹಾರ: ಮಾತಿನ ದಾರಿಯಿಂದ ಆಜ್ಞೆಯನ್ನು ಹೊರಗೆ ತೆಗೆಯುವುದು. ಎಕ್ಸ್‌ಚೇಂಜುಗಳನ್ನು ನಡೆಸುವ ಕಂಪ್ಯೂಟರುಗಳ ನಡುವೆ ಬೇರೆಯೇ ಡೇಟಾ ಲಿಂಕು ಹಾಕಿ, ಸಾವಿರಾರು ಟ್ರಂಕು ಲೈನುಗಳ ಆಜ್ಞೆಗಳನ್ನೆಲ್ಲ ಅದರಲ್ಲೇ ಕಳಿಸುವುದು. ಅಮೆರಿಕದಲ್ಲಿ ಇದು 1976ರಲ್ಲಿ ಶುರುವಾಯಿತು. 1980ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮಿತಿ ಎಸ್‌ಎಸ್7 ಎಂಬ ಮಾನಕವನ್ನು ಪ್ರಕಟಿಸಿತು. ದೂರವಾಣಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರವನ್ನು ನಾನು ಕಾಣೆ. ಗ್ರಾಹಕರು ಇನ್ನು ಎಷ್ಟು ಸಿಳ್ಳೆ ಹಾಕಿದರೂ ಅದು ಆ ಕಡೆಯವರ ಕಿವಿಗೆ ಹೋಗುತ್ತದೆ, ಯಂತ್ರಕ್ಕೆ ಕೇಳಿಸುವುದಿಲ್ಲ.

ಈ ಲಿಂಕನ್ನು ಹತ್ತಿರದಿಂದ ನೋಡೋಣ. ನಮ್ಮ ದೇಶದಲ್ಲಿ ಎಕ್ಸ್‌ಚೇಂಜುಗಳ ನಡುವೆ ಹಾಕುವ ಡಿಜಿಟಲ್ ಲೈನಿಗೆ ಇ1 ಎನ್ನುತ್ತೇವೆ: ಸೆಕೆಂಡಿಗೆ 2,048 ಕಿಲೋಬಿಟ್, 64 ಕಿಲೋಬಿಟ್ಟಿನ 32 ಪಾಲು. ಸೊನ್ನೆಯ ಪಾಲು ತಾಳಕ್ಕೆ, 16ನೆಯದು ಸಂಕೇತಕ್ಕೆ, ಉಳಿದ ಮೂವತ್ತು ಮಾತಿಗೆ. ಆ 16ನೆಯ ಪಾಲಿನ ಮೇಲೆ ಅನಲೈಜರ್ ಹಚ್ಚಿ ನೋಡಿದವರಿಗೆ ಕಾಣುವ ಮೊದಲ ವಿಷಯ, ಅದು ಎಂದೂ ಸುಮ್ಮನಿರುವುದಿಲ್ಲ ಎಂಬುದು. ನಡುರಾತ್ರಿ ಒಂದು ಕರೆಯೂ ಇಲ್ಲದಾಗಲೂ ಎರಡೂ ಎಕ್ಸ್‌ಚೇಂಜುಗಳು ಆರು ಬೈಟಿನ ಖಾಲಿ ಪೊಟ್ಟಣಗಳನ್ನು ಸೆಕೆಂಡಿಗೆ ಸುಮಾರು 1,300ರಂತೆ ಒಂದಕ್ಕೊಂದು ಕಳಿಸುತ್ತಲೇ ಇರುತ್ತವೆ. ‘ನಿನ್ನಿಂದ ಇಷ್ಟನೆಯದರವರೆಗೆ ಬಂತು, ನನ್ನಿಂದ ಇಷ್ಟನೆಯದರವರೆಗೆ ಹೋಯಿತು’ ಎಂಬುದಷ್ಟೇ ಅದರಲ್ಲಿರುವುದು. ಲಿಂಕು ಕೆಡಲು ತೊಡಗಿದರೆ ಕರೆ ಬರುವವರೆಗೂ ಕಾಯದೆ ಆಗಲೇ ತಿಳಿಯಬೇಕು. ಅದಕ್ಕೇ ಈ ಏರ್ಪಾಡು.

ಈಗ ಧಾರವಾಡದಿಂದ ಬೆಂಗಳೂರಿಗೆ ಒಂದು ಕರೆ ಹೊರಡಿತೆನ್ನಿ. ಮೊದಲು ಹೋಗುವುದು ಒಂದನೇ ನಂಬರಿನ ಸಂದೇಶ. ಕರೆಯಬೇಕಾದ ನಂಬರು, ಕರೆದವರ ನಂಬರು, ಅವರು ಸಾಮಾನ್ಯ ಗ್ರಾಹಕರೋ ಬೇರೆಯೋ, ಮತ್ತು ಯಾವ ಟ್ರಂಕು ಲೈನಿನ ಎಷ್ಟನೆಯ ಪಾಲಿನಲ್ಲಿ ಮಾತು ಬರಲಿದೆ, ಎಲ್ಲವೂ ಅದೊಂದರಲ್ಲೇ. ನಂಬರಿನ ಅಂಕಿಗಳು ಎರಡೆರಡಾಗಿ ಒಂದೊಂದು ಬೈಟಿನಲ್ಲಿ ಅದಲುಬದಲಾಗಿ ಕೂತಿರುತ್ತವೆ. 80 ಎಂಬುದು ಬೈಟಿನೊಳಗೆ 08 ಆಗಿ ಕಾಣುತ್ತದೆ. ಹೊಸಬರು ಮೊದಲ ವಾರ ಇದನ್ನು ನೋಡಿ ತಬ್ಬಿಬ್ಬಾಗುವುದು ರೂಢಿ. ಬೆಂಗಳೂರಿನ ಎಕ್ಸ್‌ಚೇಂಜು ಆ ಗ್ರಾಹಕರನ್ನು ಹುಡುಕಿ, ಗಂಟೆ ಬಾರಿಸಲು ತೊಡಗಿ, ಆರನೇ ನಂಬರಿನ ಸಂದೇಶ ಕಳಿಸುತ್ತದೆ: ವಿಳಾಸ ಪೂರ್ಣ, ಗಂಟೆ ಹೊಡೆಯುತ್ತಿದೆ. ಆ ಕಡೆಯವರು ಎತ್ತಿದೊಡನೆ ಒಂಬತ್ತನೆಯದು. ದುಡ್ಡಿನ ಗಡಿಯಾರ ಓಡಲು ಶುರುವಾಗುವುದು ಈ ಒಂಬತ್ತು ಬಂದ ಕ್ಷಣದಿಂದ. ಯಾರಾದರೂ ಫೋನಿಟ್ಟರೆ ಹನ್ನೆರಡು, ‘ಬಿಟ್ಟೆ’ ಎಂಬ ಅದರ ಉತ್ತರ ಹದಿನಾರು. ಒಂದು ಸಾಧಾರಣ ಕರೆಯ ಹುಟ್ಟು-ಸಾವು ಈ ಐದು ಸಂದೇಶಗಳಲ್ಲಿ ಮುಗಿಯುತ್ತದೆ.

ಹನ್ನೆರಡರ ಜೊತೆ ಒಂದು ಕಾರಣಸಂಖ್ಯೆ ಇರುತ್ತದೆ. ಇಡೀ ಮಾನಕದಲ್ಲಿ ನನಗೆ ಹೆಚ್ಚು ಪ್ರಿಯವಾದ ಭಾಗ ಇದು. 16 ಎಂದರೆ ಮಾತು ಮುಗಿಸಿ ಇಟ್ಟರು. 17, ಎಂಗೇಜ್. 19, ಗಂಟೆ ಹೊಡೆಯಿತು, ಎತ್ತಲಿಲ್ಲ. 1, ಅಂಥ ನಂಬರೇ ಇಲ್ಲ. 34, ದಾರಿಯಲ್ಲಿ ಲೈನು ಖಾಲಿ ಇಲ್ಲ. ಹಳೆಯ ಪದ್ಧತಿಯಲ್ಲಿ ಬೆಂಗಳೂರಿನ ಫೋನು ಎಂಗೇಜ್ ಇದ್ದರೆ ಆ ಎಂಗೇಜ್ ಟೋನು ಸಾಮಾನ್ಯವಾಗಿ ಬೆಂಗಳೂರಿನಿಂದಲೇ ಬರುತ್ತಿತ್ತು. ಕರೆದವರು ಬೇಸತ್ತು ಇಡುವವರೆಗೆ ಅಮೂಲ್ಯವಾದ ಟ್ರಂಕು ಲೈನೊಂದು ಆ ಟೋನನ್ನು ಹೊತ್ತು ನಿಂತಿರುತ್ತಿತ್ತು. ಈಗ 17 ಎಂಬ ಅಂಕಿ ಹಿಂದಕ್ಕೆ ಓಡಿ ಬರುತ್ತದೆ, ದಾರಿಯ ಲೈನುಗಳೆಲ್ಲ ಬಿಡುಗಡೆಯಾಗುತ್ತವೆ, ಎಂಗೇಜ್ ಟೋನನ್ನು ಧಾರವಾಡದ ಎಕ್ಸ್‌ಚೇಂಜೇ ಕೇಳಿಸುತ್ತದೆ. ಅಷ್ಟೇ ತಾಮ್ರ, ಅಷ್ಟೇ ಮೈಕ್ರೋವೇವ್ ಇದ್ದೂ ಜಾಲ ಹೆಚ್ಚು ಜನರಿಗೆ ಸಾಕಾಯಿತು.

ಆಜ್ಞೆಗೆ ಬೇರೆ ದಾರಿ ಮಾಡಿಕೊಂಡಿದ್ದರಿಂದ ಬೇರೆ ಬಗೆಯ ಅಪಾಯವೂ ಬಂತು. 1990ರ ಜನವರಿ 15ರ ಮಧ್ಯಾಹ್ನ ಅಮೆರಿಕದ ದೂರವಾಣಿ ಕಂಪನಿ ಎಟಿ&ಟಿಯ ನ್ಯೂಯಾರ್ಕಿನ ಒಂದು ಸ್ವಿಚ್ಚು, ಅಂದರೆ ಕಂಪ್ಯೂಟರ್ ನಡೆಸುವ ಎಕ್ಸ್‌ಚೇಂಜು, ಸಣ್ಣ ದೋಷದಿಂದ ಕೆಲವು ಸೆಕೆಂಡು ನಿಂತು, ಸರಿಪಡಿಸಿಕೊಂಡು, ಮತ್ತೆ ಕರೆಗಳನ್ನು ಕಳಿಸತೊಡಗಿತು. ಅದರ ಸಂದೇಶ ಬಂದದ್ದನ್ನು ಕಂಡು ಪಕ್ಕದ ಸ್ವಿಚ್ಚುಗಳು ‘ಅದು ಎದ್ದಿದೆ’ ಎಂದು ತಮ್ಮ ದಾಖಲೆ ತಿದ್ದಿಕೊಳ್ಳುತ್ತಿದ್ದವು. ಹಿಂದಿನ ತಿಂಗಳಷ್ಟೇ ಹಾಕಿದ ಹೊಸ ಸಾಫ್ಟ್‌ವೇರಿನಲ್ಲಿ, ತಿದ್ದಿಕೊಳ್ಳುವ ಆ ಕ್ಷಣಾರ್ಧದಲ್ಲಿ ಎರಡನೆಯ ಸಂದೇಶ ಬಂದರೆ ದಾಖಲೆಯೇ ಹಾಳಾಗುವ ಒಂದು ತಪ್ಪಿತ್ತು. ಹಾಗೆ ಹಾಳಾದ ಸ್ವಿಚ್ಚು ತಾನೂ ನಿಂತು ಎದ್ದಿತು. ಎದ್ದು ಕಳಿಸಿದ ಸಂದೇಶಗಳು ಪಕ್ಕದವನ್ನು ಕೆಡವಿದವು. 114 ಸ್ವಿಚ್ಚುಗಳ ದೇಶವ್ಯಾಪಿ ಜಾಲ ಹೀಗೆ ಬಿದ್ದು ಏಳುತ್ತಾ ಸುಮಾರು ಒಂಬತ್ತು ಗಂಟೆ ನರಳಿತು. ದೂರದ ಕರೆಗಳಲ್ಲಿ ಅರ್ಧದಷ್ಟು ಹೋಗಲೇ ಇಲ್ಲ. ಒಂದು ತಂತಿಯೂ ಕಡಿದಿರಲಿಲ್ಲ. ಎಲ್ಲ ಸ್ವಿಚ್ಚುಗಳಲ್ಲೂ ಒಂದೇ ಸಾಫ್ಟ್‌ವೇರ್ ಇತ್ತು, ಎಲ್ಲವೂ ಒಂದರ ಮಾತನ್ನು ಒಂದು ತಕ್ಷಣ ನಂಬುತ್ತಿದ್ದವು.

ನಮ್ಮ ನಾಡಿನ ಅನುಭವಕ್ಕೆ ಬರುತ್ತೇನೆ. ಹಳದಿ ಫಲಕದ ಎಸ್‌ಟಿಡಿ ಬೂತಿನ ಕಾಲವನ್ನು ಇಲ್ಲಿ ಕೂತ ಹಿರಿಯರು ಬಲ್ಲರು. ರಾತ್ರಿಯ ರಿಯಾಯಿತಿ ದರಕ್ಕೆ ಕಾದು, ಗಾಜಿನ ಕೋಣೆಯೊಳಗೆ ನಿಂತು, ಕಣ್ಣನ್ನು ಮೀಟರ್ ಪೆಟ್ಟಿಗೆಯ ಕೆಂಪು ಅಂಕಿಗಳ ಮೇಲಿಟ್ಟು ಮಾತಾಡುತ್ತಿದ್ದೆವು. ಆ ಪೆಟ್ಟಿಗೆಗೆ ದುಡ್ಡು ಏರಿದ್ದು ಹೇಗೆ ಗೊತ್ತಾಗುತ್ತಿತ್ತು? ಎಕ್ಸ್‌ಚೇಂಜು ಅದೇ ತಾಮ್ರದ ಜೋಡಿಯ ಮೇಲೆ 16 ಕಿಲೋಹರ್ಟ್ಸಿನ ಮಿಡಿತಗಳನ್ನು ಕಳಿಸುತ್ತಿತ್ತು. ಮಾತಿನ ಪಟ್ಟಿಗಿಂತ ಬಹಳ ಎತ್ತರದ್ದಾದ್ದರಿಂದ ಫಿಲ್ಟರು ಅದನ್ನು ಕಿವಿಗೆ ಮುಟ್ಟದಂತೆ ತಡೆಯುತ್ತಿತ್ತು, ಮೀಟರು ಮಾತ್ರ ಹಿಡಿದು ಎಣಿಸುತ್ತಿತ್ತು. ಊರು ದೂರವಾದಷ್ಟೂ ಮಿಡಿತಗಳ ನಡುವಿನ ಅಂತರ ಕಿರಿದು. ಹೆತ್ತವರ ದನಿ ಕೇಳಲು ಬಂದ ಎಷ್ಟೋ ಹಾಸ್ಟೆಲ್ ಹುಡುಗಿಯರು, ಕೂಲಿಗೆ ಬಂದ ಎಷ್ಟೋ ತಂದೆಯರು ಆ ಕೆಂಪು ಅಂಕಿಯ ಒತ್ತಡದಲ್ಲೇ ಹೇಳಬೇಕಾದದ್ದನ್ನು ಅರ್ಧಕ್ಕೆ ಬಿಟ್ಟು ಫೋನಿಟ್ಟಿದ್ದಾರೆ.

ಅದೇ ಜನ ಮೊಬೈಲು ಬಂದಾಗ ಮಿಸ್ಡ್ ಕಾಲ್ ಕಂಡುಕೊಂಡರು. ಎಂಜಿನಿಯರಿನ ಕಣ್ಣಿಂದ ನೋಡಿದರೆ ಅದೊಂದು ಅದ್ಭುತ. ಜಾಲ ಮಾಡುವ ಕಠಿಣ ಕೆಲಸವೆಲ್ಲ ಒಂಬತ್ತನೇ ಸಂದೇಶಕ್ಕೆ ಮೊದಲೇ ಮುಗಿದಿರುತ್ತದೆ. ಮೊಬೈಲಿನಲ್ಲಂತೂ ಆ ಗ್ರಾಹಕರು ಈಗ ಯಾವ ಊರಿನಲ್ಲಿದ್ದಾರೆ ಎಂದು ಅವರ ಕಂಪನಿಯ ಕೇಂದ್ರ ದಾಖಲೆಯನ್ನು ಕೇಳಬೇಕು, ಆ ದಾಖಲೆ ಅವರಿರುವ ಊರಿನ ಸ್ವಿಚ್ಚನ್ನು ಕೇಳಿ ತಾತ್ಕಾಲಿಕ ನಂಬರೊಂದನ್ನು ತರಿಸಬೇಕು, ಆಮೇಲೆ ಕರೆ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಗಂಟೆ ಹೊಡೆದು, ಎತ್ತುವ ಮೊದಲೇ ಇಟ್ಟರೆ ಹಣವಿಲ್ಲ. ಬಸ್ಸಿಳಿದೆ, ಊಟಕ್ಕೆ ಬನ್ನಿ, ಮನೆ ಮುಟ್ಟಿದೆ ಎಂಬ ಸುದ್ದಿಗಳನ್ನು ಜನ ಬರೀ ಸಂಕೇತದ ಪದರದಲ್ಲಿ ಸಾಗಿಸಿದರು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಜಿಪ್‌ಡಯಲ್ ಎಂಬ ಕಂಪನಿ ಇದನ್ನೇ ವ್ಯಾಪಾರದ ಸಾಧನವಾಗಿಸಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು.

ಗಂಟೆ ಎಷ್ಟು ಹೊತ್ತು ಹೊಡೆಯಬೇಕು ಎಂಬುದೂ ಸಿಗ್ನಲಿಂಗಿನ ಒಂದು ಟೈಮರ್. 2017ರ ಅಕ್ಟೋಬರಿನಿಂದ ಕರೆ ಕಳಿಸಿದ ಕಂಪನಿ ಕರೆ ಪಡೆದ ಕಂಪನಿಗೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಗಂಟೆಯನ್ನು ಬೇಗ ನಿಲ್ಲಿಸಿದರೆ ಕರೆ ಮಿಸ್ಡ್ ಕಾಲ್ ಆಗುತ್ತದೆ, ಆ ಕಡೆಯವರು ವಾಪಸು ಮಾಡುತ್ತಾರೆ, ಆರು ಪೈಸೆ ತಿರುಗಿ ಹರಿಯುತ್ತದೆ. ಕಂಪನಿಗಳು ಇಪ್ಪತ್ತೈದು, ಇಪ್ಪತ್ತು ಸೆಕೆಂಡೆಂದು ಇಳಿಸುತ್ತಾ ಹೋದಾಗ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಡುವೆ ಬರಬೇಕಾಯಿತು. 2019ರ ನವೆಂಬರ್ 1ರಂದು ಅದು ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಸೆಕೆಂಡು ಎಂದು ನಿಗದಿ ಮಾಡಿತು. ಆರು ಪೈಸೆಯ ಶುಲ್ಕ 2021ರ ಜನವರಿ 1ಕ್ಕೆ ರದ್ದಾಯಿತು. ಹಿತ್ತಿಲಿನಲ್ಲಿದ್ದ ಅಜ್ಜಿ ಒಳಗೆ ಬಂದು ಫೋನೆತ್ತಲು ಬೇಕಾದ ಹೊತ್ತನ್ನು ಪೈಸೆಯ ಜಗಳ ಕಿತ್ತುಕೊಳ್ಳಲು ಹೊರಟಿತ್ತು ಎಂಬುದನ್ನು ನಾವು ಮರೆಯಬಾರದು.

ಎಸ್ಸೆಮ್ಮೆಸ್ ಕೂಡ ಸಂಕೇತದ ದಾರಿಯಲ್ಲಿ ಮಿಕ್ಕ ಜಾಗದಲ್ಲಿ ಹುಟ್ಟಿದ್ದು. ಮೊದಲ ಸಂದೇಶ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಒಂದು ಸಂದೇಶಕ್ಕೆ 140 ಬೈಟು; ಇಂಗ್ಲಿಷಿಗೆ ಅಕ್ಷರಕ್ಕೆ ಏಳು ಬಿಟ್ಟಿನಂತೆ 160 ಅಕ್ಷರ. ಕನ್ನಡಕ್ಕೆ ಹದಿನಾರು ಬಿಟ್ಟು ಬೇಕಾದ್ದರಿಂದ 70. ಅದೂ ನಾವು ತಿಳಿದ ಅಕ್ಷರಗಳ ಲೆಕ್ಕವಲ್ಲ. ‘ಸ್ತ್ರೀ’ ಎಂದು ಬರೆದರೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು, ಒಟ್ಟು ಆರು ಸ್ಥಾನ ಹೋಯಿತು. ಕನ್ನಡದಲ್ಲಿ ಬರೆದವರು ಅಷ್ಟೇ ಸುದ್ದಿಗೆ ಎರಡು-ಮೂರು ಸಂದೇಶಗಳ ದುಡ್ಡು ಕೊಟ್ಟರು. ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ರೂಢಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಮುಂದೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಏಳು ಬಿಟ್ಟಿನ ಕೋಷ್ಟಕಗಳು ಮಾನಕದೊಳಗೆ ಬಂದವು. ಅವುಗಳಿಂದ ಒಂದು ಸಂದೇಶಕ್ಕೆ 152 ಸ್ಥಾನ ಸಿಗುತ್ತದೆ. ಬರಬೇಕಾದ ಹೊತ್ತಿಗೆ ಬರಲಿಲ್ಲ ಎಂಬ ನೋವು ಮಾತ್ರ ಉಳಿದಿದೆ.

ಈಗ ಎರಡನೆಯ ಪ್ರಶ್ನೆ: ಆಜ್ಞೆ ಕೊಡುತ್ತಿರುವವರು ಯಾರು? ಎಸ್‌ಎಸ್7 ರೂಪುಗೊಂಡ 1980ರಲ್ಲಿ ಹೆಚ್ಚಿನ ದೇಶಗಳಲ್ಲಿ ಒಂದೋ ಎರಡೋ ದೂರವಾಣಿ ಸಂಸ್ಥೆ, ಬಹುಪಾಲು ಸರಕಾರಿ. ಲಿಂಕಿನ ಆ ತುದಿಯಲ್ಲಿರುವವರು ಪರಿಚಿತರು, ನಂಬಬಹುದಾದವರು. ಹಾಗಾಗಿ ಸಂದೇಶ ಕಳಿಸಿದವರ ಗುರುತನ್ನು ಪರೀಕ್ಷಿಸುವ ಏರ್ಪಾಡನ್ನೇ ಇಡಲಿಲ್ಲ. ಇಂದು ಜಗತ್ತಿನಾದ್ಯಂತ ನೂರಾರು ಕಂಪನಿಗಳು ಈ ಜಾಲದೊಳಗಿವೆ. ಪ್ರವೇಶ ದೊರೆತವರು ‘ಈ ಗ್ರಾಹಕರು ಎಲ್ಲಿದ್ದಾರೆ’ ಎಂದು ಕೇಳಬಹುದು. ‘ಇವರು ಈಗ ನನ್ನ ಜಾಲಕ್ಕೆ ಬಂದಿದ್ದಾರೆ, ಇವರ ಸಂದೇಶಗಳನ್ನು ನನಗೆ ಕಳಿಸಿ’ ಎಂದು ಹೇಳಬಹುದು. ರೈಲಿಳಿದು ಮುಂಬೈಯಲ್ಲಿ ಫೋನು ಆನ್ ಮಾಡಿದಾಗ ನಿಮ್ಮ ಕಂಪನಿಗೆ ಹೋಗುವ ನ್ಯಾಯವಾದ ಸಂದೇಶವೂ ಅದೇ, ಕಳ್ಳರು ಕಳಿಸುವುದೂ ಅದೇ. 2014ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ ಇದನ್ನು ಎಲ್ಲರೆದುರು ತೋರಿಸಿದರು. 2017ರಲ್ಲಿ ಜರ್ಮನಿಯಲ್ಲಿ ಬ್ಯಾಂಕ್ ಗ್ರಾಹಕರ ಒಟಿಪಿ ಸಂದೇಶಗಳನ್ನು ಹೀಗೆ ತಿರುಗಿಸಿಕೊಂಡು ಖಾತೆಯಿಂದ ಹಣ ಎತ್ತಿದ ಪ್ರಕರಣ ಬಯಲಾಯಿತು.

ಆಜ್ಞೆಯನ್ನು ಮಾತಿನಿಂದ ಬೇರ್ಪಡಿಸಿ ಗ್ರಾಹಕರ ಕೈಯಿಂದ ಅದನ್ನು ಕಾಪಾಡಿದರು. ಒಳಗಿನವರ ಕೈಯಿಂದ ಕಾಪಾಡಲಿಲ್ಲ. ಕಂಪನಿಗಳು ಈಗ ಎಲ್ಲೆಯಲ್ಲಿ ಫೈರ್‌ವಾಲ್ ಇಡುತ್ತಿವೆ. ಹೊರಗಿನಿಂದ ಬರಲೇಬಾರದ ಪ್ರಶ್ನೆಗಳನ್ನು ತಿರಸ್ಕರಿಸುವುದು ಸುಲಭ. ಸ್ವಂತ ಗ್ರಾಹಕರ ಬಗ್ಗೆ ಹೊರಗಿನವರು ಕೇಳುವುದನ್ನು ತಡೆಯುವುದೂ ಸಾಧ್ಯ. ಕಷ್ಟವಾದದ್ದು ರೋಮಿಂಗಿನದು. ಹತ್ತು ನಿಮಿಷದ ಹಿಂದೆ ಮೈಸೂರಿನಲ್ಲಿದ್ದವರು ಈಗ ಬೇರೊಂದು ಖಂಡದಲ್ಲಿದ್ದಾರೆ ಎಂಬ ಸಂದೇಶ ಬಂದರೆ ಹಿಂದಿನ ಸ್ಥಳ, ಕಾಲ, ದೂರ ಲೆಕ್ಕ ಹಾಕಿ ಅನುಮಾನಿಸಬೇಕು. ಫೈರ್‌ವಾಲ್ ಇದೆಯೇ, ಎಷ್ಟು ಬಿಗಿಯಾಗಿದೆ ಎಂದು ಕೇಳುವ ಹಕ್ಕು, ಒಟಿಪಿಯನ್ನು ನಂಬಿ ಪಿಂಚಣಿ-ಸಂಬಳಗಳನ್ನು ಬ್ಯಾಂಕಿನಲ್ಲಿಟ್ಟ ಪ್ರತಿಯೊಬ್ಬರಿಗೂ ಇದೆ. ಅದನ್ನು ತಾಂತ್ರಿಕ ವಿಷಯವೆಂದು ಬದಿಗಿಡುವುದನ್ನು ನಾನು ಒಪ್ಪಲಾರೆ.

4ಜಿಯ ಫೋನಿನಲ್ಲಿ ಎಸ್‌ಎಸ್7 ಇಲ್ಲವಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ನಿಜ, ಅಲ್ಲಿ ಕರೆ ಹೊರಡುವುದು ಇಂಟರ್‌ನೆಟ್ಟಿನ ಪೊಟ್ಟಣಗಳಲ್ಲಿ, 2002ರಲ್ಲಿ ಈಗಿನ ರೂಪ ಪಡೆದ ಸಿಪ್ ಎಂಬ ಪದ್ಧತಿಯಲ್ಲಿ. ಓದಿದರೆ ಅರ್ಥವಾಗುವ ಅಕ್ಷರಗಳಲ್ಲೇ ಆಹ್ವಾನ, ‘ಗಂಟೆ ಹೊಡೆಯುತ್ತಿದೆ’ ಎನ್ನಲು 180, ‘ಎತ್ತಿದರು’ ಎನ್ನಲು 200, ‘ಎಂಗೇಜ್’ ಎನ್ನಲು 486. ಆದರೆ ಆ ಕರೆ ಹಳೆಯ ಎಕ್ಸ್‌ಚೇಂಜಿನ ಲ್ಯಾಂಡ್‌ಲೈನಿಗೋ, 2ಜಿ ಗುಂಡಿ ಫೋನಿಗೋ ಹೋಗಬೇಕಾದಾಗ ನಡುವಿನ ಗೇಟ್‌ವೇ ಆಹ್ವಾನವನ್ನು ಒಂದನೇ ಸಂದೇಶವಾಗಿ, ಒಂಬತ್ತನ್ನು 200 ಆಗಿ ತಿರುಗಿಸಿ ಕೊಡುತ್ತದೆ. ಕರೆ ಮುಗಿದಾಗ ಅಥವಾ ಕೂಡದೆ ಹೋದಾಗ ಸಿಪ್ ಕಳಿಸುವ ಸಂದೇಶದಲ್ಲಿ ಕಾರಣವೆಂಬ ಒಂದು ಸಾಲಿಗೆ ಜಾಗವಿದೆ. ಎಸ್‌ಎಸ್7ರ ಆ 16, 17, 19, 34ಗಳನ್ನೇ ಅಲ್ಲಿ ಬರೆದು ಕಳಿಸುತ್ತಾರೆ.